ಆರು ನೀರಿನ ಹರಳು

ನನ್ನ ಅಕ್ಕ ನಲವತ್ತು ದಾಟಿದ ಮೇಲೆ ಎಂ.ಎಸ್ಸಿ. ಓದಲು ಹೊರಟಳು. ಆಗ ಅವಳ ಮಗಳೇ ಕಾಲೇಜಿಗೆ ಹೋಗುತ್ತಿದ್ದಳು. ಹಗಲು ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವುದು, ಸಂಜೆ ಚೀಲ ಹೆಗಲಿಗೇರಿಸಿಕೊಂಡು ತಾನೇ ವಿದ್ಯಾರ್ಥಿಯಾಗಿ ಸಂಜೆ ಕಾಲೇಜಿನ ಮೆಟ್ಟಿಲು ಹತ್ತುವುದು. ಆಡಿಕೊಳ್ಳುವವರಿಗೇನು ಕೊರತೆ? ಕೆಟ್ಟುಹೋದ ಇಸ್ತ್ರಿಪೆಟ್ಟಿಗೆಯನ್ನು ನನ್ನ ರಿಪೇರಿ ಅಂಗಡಿಗೆ ತರುತ್ತಿದ್ದವರು ಕೂಡ, "ನಿಮ್ಮಕ್ಕಂದು ಇನ್ನೂ ಓದು ಮುಗೀಲಿಲ್ವಾ?" ಎಂದು ಹಲ್ಲು ಕಿರಿಯುತ್ತಿದ್ದರು. ಅಂಥವರ ಇಸ್ತ್ರಿಪೆಟ್ಟಿಗೆಯನ್ನು ನಾನು ಬೇಕೆಂದೇ ತಡಮಾಡಿ ಕೊಡುತ್ತಿದ್ದೆ. ಭಾವ ಮಾತ್ರ ಇದನ್ನೆಲ್ಲ ತಲೆಗೆ ಹಚ್ಚಿಕೊಳ್ಳಲಿಲ್ಲ. "ಇವಳು ಓದಿ ಮುಗಿಸೋದ್ರೊಳಗೆ ನಾನು ಅಡುಗೆ ಕಲ್ತುಬಿಡ್ತೀನಿ," ಎಂದು ನಗುತ್ತಿದ್ದರು. ಕಲಿತೂಬಿಟ್ಟರು. ಉಪ್ಪು ಮಾತ್ರ ಕೊನೆಯವರೆಗೂ ಅವರ ಹತೋಟಿಗೆ ಬರಲಿಲ್ಲ.

ಆ ಓದು ಅಷ್ಟು ತಡವಾಗಲು ಕಾರಣ ನಮ್ಮಪ್ಪ. ಅದರಲ್ಲಿ ಮುಚ್ಚುಮರೆ ಏನಿದೆ? ಅಪ್ಪ ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿದ್ದವರು. ಯಾವ ಬಸ್ಸು ಯಾವಾಗ ಹೊರಡಬೇಕು, ಯಾವುದು ಎಷ್ಟು ತಡವಾಗಿ ಬಂತು ಎಂದು ಬದುಕಿಡೀ ಗಡಿಯಾರ ನೋಡಿದ ಮನುಷ್ಯ. ಮನೆಯಲ್ಲೂ ಅದೇ ಕಾರುಬಾರು. ಯಾರು ಯಾವಾಗ ಏಳಬೇಕು, ಯಾವಾಗ ಉಣ್ಣಬೇಕು, ಯಾರ ಮದುವೆ ಯಾವಾಗ ಆಗಬೇಕು ಎಲ್ಲಕ್ಕೂ ಅವರದೇ ವೇಳಾಪಟ್ಟಿ. ಅಕ್ಕ ಬಿ.ಎಸ್ಸಿ. ಓದುತ್ತಿದ್ದಾಗ ಒಂದು ಒಳ್ಳೆಯ ಸಂಬಂಧ ಬಂತು. ಅಪ್ಪ ಒಂದು ಮಧ್ಯಾಹ್ನ ನೇರ ಕಾಲೇಜಿಗೆ ಹೋಗಿ, ಕೆಮಿಸ್ಟ್ರಿ ಲ್ಯಾಬಿನ ಬಾಗಿಲಲ್ಲಿ ನಿಂತು, ಎಲ್ಲರೆದುರು ಅಕ್ಕನ ಹೆಸರು ಹಿಡಿದು ಕರೆದರು. ಪರೀಕ್ಷೆ ಹತ್ತಿರದಲ್ಲೇ ಇತ್ತು. "ಪರೀಕ್ಷೆ ಮುಂದಿನ ವರ್ಷಾನೂ ಇರುತ್ತೆ, ಇಂಥಾ ಹುಡುಗ ಇರಲ್ಲ," ಎಂದರು. ಹುಡುಗ ಒಳ್ಳೆಯವನೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮುಂದಿನ ವರ್ಷ ಪರೀಕ್ಷೆ ಬಂದಾಗ ಅಕ್ಕನ ತೊಡೆಯ ಮೇಲೆ ಮಗಳಿದ್ದಳು.

ಎಷ್ಟೋ ವರ್ಷಗಳ ಮೇಲೆ ಅವಳು ಅಂಚೆ ಮೂಲಕ ಬಿ.ಎಸ್ಸಿ. ಮುಗಿಸಿದಳು, ಶಾಲೆಯಲ್ಲಿ ಕೆಲಸ ಹಿಡಿದಳು. ಅಪ್ಪನೊಂದಿಗೆ ಜಗಳವಾಡಲಿಲ್ಲ. ಜಗಳವಾಡಿದ್ದರೆ ಚೆನ್ನಾಗಿತ್ತು. ನಾನಾಗಿದ್ದರೆ ಮನೆಯ ಹೆಂಚು ಹಾರಿಹೋಗುವಂತೆ ಕೂಗಾಡುತ್ತಿದ್ದೆ. ಅವಳು ಮಾತನ್ನು ಕಡಿಮೆ ಮಾಡಿಬಿಟ್ಟಳು. ಮನೆಗೆ ಬಂದರೆ "ಊಟ ಆಯ್ತಾ? ಮಾತ್ರೆ ತಗೊಂಡ್ರಾ?" ಅಷ್ಟೇ. ಅಪ್ಪನದೂ "ಹೂಂ, ಆಯ್ತು," ಅಷ್ಟೇ. ನಮ್ಮಮ್ಮ ಇದ್ದಷ್ಟು ದಿನ ನಡುವೆ ನಿಂತು ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಮುಟ್ಟಿಸುತ್ತಿದ್ದಳು. ಅವಳು ಹೋದ ಮೇಲೆ ಅದೂ ನಿಂತಿತು.

ಎಂ.ಎಸ್ಸಿ.ಯ ಕೊನೆಯ ವರ್ಷ ಒಂದು ಪ್ರಾಜೆಕ್ಟು ಮಾಡಬೇಕಿತ್ತು. ಅದಿಲ್ಲದೆ ಡಿಗ್ರಿ ಇಲ್ಲ. ಸಂಜೆ ಕಾಲೇಜಿನವರ ಪ್ರಾಜೆಕ್ಟು ಎಂದರೆ ಅಧ್ಯಾಪಕರೆಲ್ಲ ಮುಖ ತಿರುಗಿಸುತ್ತಿದ್ದರು. ಕೈಹಿಡಿದವರು ಒಬ್ಬರೇ, ಎತ್ತರದ, ಸ್ವಲ್ಪ ಬಾಗಿದ ಬೆನ್ನಿನ, ಅಳೆದು ಮಾತಾಡುವ ಮೇಷ್ಟ್ರು. ಅವರು ಆ ವರ್ಷದ ಕೊನೆಗೆ ನಿವೃತ್ತರಾಗಿ ಬೇರೆ ಊರಿನ ಮಗಳ ಮನೆಗೆ ಹೋಗುವವರಿದ್ದರು. ಅಷ್ಟರೊಳಗೆ ಕೆಲಸ ಮುಗಿದು ಅವರ ಸಹಿ ಬಿದ್ದರೆ ಆಯಿತು, ಇಲ್ಲವಾದರೆ ಅಕ್ಕನ ಓದು ಎರಡನೇ ಸಲವೂ ಅರ್ಧಕ್ಕೇ ನಿಲ್ಲುತ್ತಿತ್ತು. ಮೂರನೇ ಸಲ ಹೊರಡುವ ವಯಸ್ಸು ಅವಳದಾಗಿರಲಿಲ್ಲ.

ಮೇಷ್ಟ್ರು ಕೊಟ್ಟ ಕೆಲಸ ನಿಕ್ಕಲ್ ಸಲ್ಫೇಟ್ ತಯಾರಿಸುವುದು, ಅದರ ಒಂದು ದೊಡ್ಡ ಹರಳು ಬೆಳೆಸುವುದು, ಬೆಳೆಸಿದ್ದು ಏನೆಂದು ಸಾಬೀತು ಮಾಡುವುದು. "ಮಾಡೋದು ಸುಲಭ ಕಣಮ್ಮ. ಏನು ಮಾಡಿದೀವಿ ಅಂತ ಹೇಳೋದು ಕಷ್ಟ," ಎಂದಿದ್ದರಂತೆ.

ನಾನು ಆ ಲ್ಯಾಬನ್ನು ಕಂಡದ್ದು ಅಲ್ಲಿನ ಬಿಸಿನೀರಿನ ತೊಟ್ಟಿ ಕೆಟ್ಟಾಗ. "ಬಂದು ಒಂಚೂರು ನೋಡೋ," ಎಂದು ಅಕ್ಕ ಕರೆದಳು. ಉದ್ದನೆಯ ಕೋಣೆ, ಆಸಿಡ್ ಬಿದ್ದು ಕಲೆಕಲೆಯಾದ ಮರದ ಬೆಂಚುಗಳು, ಮೂಗಿಗೆ ಚುರುಗುಟ್ಟುವ ವಾಸನೆ. ಅಕ್ಕ ಬಿಳಿ ಕೋಟು ತೊಟ್ಟು ನಿಂತಿದ್ದಳು. ಮನೆಯಲ್ಲಿ ಕಂಡ ಅಕ್ಕನೇ ಅಲ್ಲ ಅವಳು. ಒಂದು ಬೀಕರಿನಲ್ಲಿ ತೆಳುಹಸಿರು ಪುಡಿ, ನಿಕ್ಕಲ್ ಕಾರ್ಬೊನೇಟ್. ಅದಕ್ಕೆ ನೀರು ಬೆರೆಸಿದ ಗಂಧಕಾಮ್ಲವನ್ನು ಹನಿಹನಿಯಾಗಿ ಬಿಟ್ಟಳು. ಬುರಬುರನೆ ನೊರೆ ಎದ್ದಿತು. "ಅವಸರ ಮಾಡಿದ್ರೆ ಉಕ್ಕಿ ಮೇಜಿನ ಮೇಲಿರುತ್ತೆ," ಎಂದಳು. ನೊರೆ ಎದ್ದು ಎದ್ದು ಸುಮ್ಮನಾದಾಗ ಪುಡಿ ಕರಗಿ ಚೊಕ್ಕ ಹಸಿರು ನೀರಾಗಿತ್ತು. ಅದನ್ನು ಸೋಸಿ, ಚೀನಿ ಬಟ್ಟಲಿಗೆ ಹಾಕಿ, ಹಬೆಯ ಮೇಲಿಟ್ಟು ಮೇಲೆ ಕೆನೆ ಕಟ್ಟುವವರೆಗೆ ಕಾದಳು.

ಆಮೇಲೆ ಪುಟ್ಟ ಮಗುವಿಗೆ ಆಟ ತೋರಿಸುವವಳಂತೆ ನನಗೆ ತೋರಿಸಿದಳು. ಎರಡು ಕೊಳವೆಗಳಲ್ಲಿ ಒಂದಿಷ್ಟು ಹಸಿರು ನೀರು. ಒಂದಕ್ಕೆ ಬೇರಿಯಂ ಕ್ಲೋರೈಡಿನ ಹನಿ ಬಿಟ್ಟಳು. ಹಾಲು ಒಡೆದಂತೆ ಬೆಳ್ಳಗಾಯಿತು. ಮೇಲೆ ಆಸಿಡ್ ಹಾಕಿದರೂ ಆ ಬಿಳುಪು ಕರಗಲಿಲ್ಲ. "ಸಲ್ಫೇಟ್ ಇದೆ ಅಂತ ಇದು ಹೇಳ್ತು." ಇನ್ನೊಂದಕ್ಕೆ ಅಮೋನಿಯಾ ಸೇರಿಸಿ, ಯಾವುದೋ ಉದ್ದ ಹೆಸರಿನ ದ್ರಾವಣದ ಹನಿ ಬಿಟ್ಟಳು. ಹಸಿರೆಲ್ಲ ಮಾಯವಾಗಿ ಗುಲಾಬಿ ಕೆಂಪು ತುಂಬಿಕೊಂಡಿತು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. "ಇದು ನಿಕ್ಕಲ್," ಎಂದಳು. ಅವಳ ಮುಖದಲ್ಲಿದ್ದ ಖುಷಿಯನ್ನು ನಾನು ಅವಳ ಮದುವೆಯ ದಿನವೂ ನೋಡಿರಲಿಲ್ಲ.

"ಎರಡೂ ಗೊತ್ತಾಯ್ತಲ್ಲ, ಮತ್ತೇನು ಕಷ್ಟ?" ಎಂದೆ.

"ನೀರು ಕಣೋ. ಹರಳಿನೊಳಗೆ ನೀರು ಸೇರ್ಕೊಂಡು ಕೂತಿರುತ್ತೆ. ಮುಟ್ಟಿದ್ರೆ ಒದ್ದೆ ಇರಲ್ಲ, ಆದ್ರೆ ಒಳಗೆ ಇರುತ್ತೆ. ತಣ್ಣಗಿರೋ ಕಡೆ ಬೆಳೆದ್ರೆ ನಿಕ್ಕಲಿನ ಒಂದೊಂದು ಕಣದ ಲೆಕ್ಕಕ್ಕೆ ಏಳೇಳು ನೀರಿನ ಕಣ. ಬೆಚ್ಚಗಿರೋ ಕಡೆ ಬೆಳೆದ್ರೆ ಆರೇ ಆರು. ನಮ್ಮ ಮೇಷ್ಟ್ರಿಗೆ ಬೇಕಾಗಿರೋದು ಆರರದ್ದು. ಹೆಬ್ಬೆರಳಿನ ಉಗುರಿನಷ್ಟಾದ್ರೂ ಇರಬೇಕು, ಒಳಗೆ ಮಸುಕು ಇರಬಾರದು. ಅಷ್ಟು ಬೆಳೆಯೋಕೆ ವಾರಗಟ್ಟಲೆ ಒಂದೇ ಬಿಸಿ ಇರಬೇಕು, ಹಗಲೂ ರಾತ್ರಿ."

ಆ ಬಿಸಿ ಕೊಡಬೇಕಿದ್ದ ತೊಟ್ಟಿಯನ್ನು ನಾನು ಬಿಚ್ಚಿ ನೋಡಿದೆ. ಬಿಸಿ ಹಿಡಿದಿಡುವ ಭಾಗ ಸುಟ್ಟು ಹೋಗಿತ್ತು, ಅದರ ಬದಲಿ ಯಾವ ಅಂಗಡಿಯಲ್ಲೂ ಸಿಗುವಂತಿರಲಿಲ್ಲ. ಸಿಕ್ಕಿದ್ದರೂ ಉಪಯೋಗವಿರಲಿಲ್ಲ, ಲ್ಯಾಬಿಗೆ ಬೀಗ ಹಾಕುವಾಗ ಮೇನ್ ಸ್ವಿಚ್ಚನ್ನೇ ಆರಿಸಿಬಿಡುತ್ತಿದ್ದರು. ಅಕ್ಕನ ಮುಖ ಬಾಡಿಹೋಯಿತು. ನನಗೆ ಅದನ್ನು ನೋಡಲಾಗಲಿಲ್ಲ. "ನಮ್ಮನೇಲೇ ಮಾಡೋಣ ಬಿಡು," ಎಂದುಬಿಟ್ಟೆ.

ಹಳೆಯ ಕಪಾಟಿನ ಹಲಗೆ ಕೊಯ್ದು ಒಂದು ಪೆಟ್ಟಿಗೆ ಮಾಡಿದೆ. ಒಳಗೆ ಒಂದು ಬಲ್ಬು, ಬೆಳಕು ಹರಳಿನ ಮೇಲೆ ಬೀಳದಂತೆ ಅದಕ್ಕೊಂದು ತಗಡಿನ ಟೋಪಿ. ಮುಂದೆ ಗಾಜಿನ ಬಾಗಿಲು. ನಡುವೆ ಅಗಲ ಬಾಯಿಯ ಜಾಡಿ, ಪಕ್ಕದಲ್ಲಿ ಥರ್ಮಾಮೀಟರು. ತಾನೇ ಆರಿ ಹೊತ್ತಿಕೊಳ್ಳುವ ಸ್ವಿಚ್ಚು ಮಾಡಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಒಮ್ಮೆ ಹೊತ್ತಿಕೊಂಡರೆ ಆರುತ್ತಿರಲಿಲ್ಲ, ಆರಿದರೆ ಹೊತ್ತಿಕೊಳ್ಳುತ್ತಿರಲಿಲ್ಲ. "ಇದಕ್ಕಿಂತ ಯಾರಾದರೂ ಪಕ್ಕದಲ್ಲಿ ಕೂತು ಸ್ವಿಚ್ಚು ಒತ್ತೋದು ವಾಸಿ," ಎಂದು ನಾನೇ ರೇಗಿಕೊಂಡೆ. ಹಾಗೆಂದಾಗ ಅಕ್ಕನೂ ನಾನೂ ಒಟ್ಟಿಗೆ ತಿರುಗಿ ನೋಡಿದ್ದು ನಡುಕೋಣೆಯ ಕಡೆಗೆ.

ಅಲ್ಲಿ ಅಪ್ಪ ಮಲಗಿದ್ದರು. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದು ಬಹಳ ದಿನವಾಗಿತ್ತು. ನೋವಿಗೆ ನಿದ್ದೆ ಹತ್ತುತ್ತಿರಲಿಲ್ಲ. ಗೋಡೆ ಗಡಿಯಾರ ನೋಡಿಕೊಂಡು, ಹಾಲಿನವನು ತಡ, ಪೇಪರಿನವನು ತಡ, ಸೊಸೆಯ ಕಾಫಿ ತಡ ಎಂದು ಗೊಣಗುತ್ತಿದ್ದರು. ಕೆಲಸವಿಲ್ಲದ ಟೈಮ್‌ಕೀಪರ್‌ನಂಥ ತಲೆನೋವು ಇನ್ನೊಂದಿಲ್ಲ.

ಅಕ್ಕನಿಗೆ ಕೇಳಲು ಮನಸ್ಸಿರಲಿಲ್ಲ. ನಾನೇ ಕೇಳಿದೆ. ಅಪ್ಪ ಪೆಟ್ಟಿಗೆಯನ್ನು ನೋಡಿದರು, ಅಕ್ಕನನ್ನು ನೋಡಿದರು. "ಎಲ್ಲಿಡ್ತೀಯ? ಕೈಗೆ ಎಟುಕೋ ಹಾಗೆ ಇಡು," ಎಂದರು.

ಅಕ್ಕ ಮಗಳ ಉಗುರುಬಣ್ಣ ತಂದು ಥರ್ಮಾಮೀಟರಿನ ಮೇಲೆ ಎರಡು ಗೆರೆ ಎಳೆದಳು. "ಕೆಳಗಿನ ಗೆರೆಗೆ ಇಳಿದ್ರೆ ಬಲ್ಬು ಹಾಕಿ. ಮೇಲಿನ ಗೆರೆಗೆ ಬಂದ್ರೆ ಆರಿಸಿ. ತಣ್ಣಗಾದ್ರೆ ಮಾತ್ರ ಎಲ್ಲಾ ಹಾಳಾಗುತ್ತೆ," ಎಂದಳು. ಅಷ್ಟೇ. ಇನ್ನೊಂದು ಮಾತು ಹೇಳಲಿಲ್ಲ. ಹಾಸಿಗೆ ಹಿಡಿದ ಮುದುಕರಿಗೆ ಇಷ್ಟು ಸಾಕು ಎಂದುಕೊಂಡಳೋ, ಅಪ್ಪನೊಂದಿಗೆ ಜಾಸ್ತಿ ಮಾತು ಬೇಡವೆಂದುಕೊಂಡಳೋ. ಮುಂದೆ ಆದದ್ದಕ್ಕೆ ಆ ಅರ್ಧ ಪಾಠವೇ ಕಾರಣ ಎಂದು ನಾನು ಇವತ್ತಿಗೂ ಅವಳ ಮುಖಕ್ಕೇ ಹೇಳುತ್ತೇನೆ.

ಸಾಸಿವೆಯಷ್ಟು ದೊಡ್ಡ, ಚೊಕ್ಕವಾದ ಒಂದು ಹರಳನ್ನು ಆರಿಸಿ, ತನ್ನದೇ ಒಂದು ಉದ್ದ ಕೂದಲು ಕಿತ್ತು, ಅದಕ್ಕೆ ಕಟ್ಟಿ ಜಾಡಿಯೊಳಗೆ ಇಳಿಬಿಟ್ಟಳು. ನೀರು ನಿಧಾನವಾಗಿ ಆವಿಯಾಗುತ್ತಾ ಹೋದಂತೆ ಹರಳು ಬೆಳೆಯಬೇಕು. ಭಾವ ಬಂದು ಇಣುಕಿ ನೋಡಿ, "ನನ್ನ ತಲೇಲಂತೂ ಇದಕ್ಕೆ ಕೊಡೋಕೆ ಏನೂ ಉಳಿದಿಲ್ಲ," ಎಂದು ಬೋಳುತಲೆ ಸವರಿಕೊಂಡರು.

ಆ ದಿನಗಳನ್ನು ನೆನೆದರೆ ಈಗಲೂ ಎದೆ ತುಂಬಿ ಬರುತ್ತದೆ. ಅಪ್ಪನಿಗೆ ಮತ್ತೆ ನೌಕರಿ ಸಿಕ್ಕಿತ್ತು. ಕನ್ನಡಕ ಮೂಗಿನ ತುದಿಗಿಳಿಸಿ, ಥರ್ಮಾಮೀಟರಿನಲ್ಲಿ ಕಣ್ಣು ನೆಟ್ಟು ಕೂರುತ್ತಿದ್ದರು. ಗಾಳಿ ಬರುತ್ತದೆಂದು ಕಿಟಕಿ ತೆಗೆಯಲು ಬಿಡುತ್ತಿರಲಿಲ್ಲ. ಅವರನ್ನು ನೋಡಲು ಬಂದ ಡಾಕ್ಟರಿಗೇ, "ಬೇಗ ಒಳಗೆ ಬಂದು ಬಾಗ್ಲು ಹಾಕಿ ಸಾರ್," ಎಂದು ಗದರಿದರು. ಅಕ್ಕ ಶಾಲೆಗೆ ಹೋಗುವಾಗ ಒಮ್ಮೆ, ಕಾಲೇಜಿನಿಂದ ಮರಳುವಾಗ ಒಮ್ಮೆ ಬಂದು ಹೋಗುತ್ತಿದ್ದಳು. ಜಾಡಿಯ ಮುಂದೆ ಇಬ್ಬರೂ ತಲೆಗೆ ತಲೆ ತಾಗಿಸಿ ಬಗ್ಗುತ್ತಿದ್ದರು. "ನಿನ್ನೆಗಿಂತ ದೊಡ್ಡದಾಗಿದೆ ಅಲ್ವಾ?" ಎಂದು ಅಪ್ಪ, "ಹೂಂ, ಈ ಕಡೆ ಮೂಲೆ ಎಷ್ಟು ಚೂಪಾಗಿದೆ ನೋಡಿ," ಎಂದು ಅಕ್ಕ. ಊಟ, ಮಾತ್ರೆಗಳ ಆಚೆಗೆ ಅವರಿಬ್ಬರೂ ಮಾತಾಡಿದ್ದನ್ನು ನಾನು ಅಷ್ಟು ವರ್ಷಗಳ ಮೇಲೆ ಮೊದಲ ಸಲ ಕೇಳಿದ್ದು ಆಗಲೇ. ಹರಳು ಮೊದಲು ಅಕ್ಕಿಕಾಳಿನಷ್ಟಾಯಿತು, ಆಮೇಲೆ ಕಡಲೆಯಷ್ಟು, ಆಮೇಲೆ ಉಗುರಿನ ಹತ್ತಿರ ಹತ್ತಿರ. ನೀಲಿ ಬೆರೆತ ಹಸಿರು, ಆಚೆಯದು ಈಚೆಗೆ ಕಾಣುವಷ್ಟು ಶುದ್ಧ. ಇನ್ನು ಒಂದೆರಡು ವಾರ ಸಾಕು ಎಂದು ಮೇಷ್ಟ್ರು ಹೇಳಿ ಕಳಿಸಿದ್ದರು.

ಆಗ ಚಳಿ ಶುರುವಾಯಿತು. ಒಂದು ದಿನ ಬೆಳಗಾಗುವ ಹೊತ್ತಿಗೆ ಬೀದಿಗೆಲ್ಲ ಕರೆಂಟ್ ಹೋಯಿತು. ನಾನು ಗಾಢ ನಿದ್ದೆಯಲ್ಲಿದ್ದೆ. ನನ್ನ ಹೆಂಡತಿ ದಿನದಂತೆ ಎದ್ದು, ಅಪ್ಪನ ಸೊಂಟಕ್ಕೆ ಇಡುವ ರಬ್ಬರಿನ ಚೀಲಕ್ಕೆ ಬಿಸಿನೀರು ತುಂಬಿ ಕೊಟ್ಟು ಹೋದಳು. ಸ್ವಲ್ಪ ಹೊತ್ತಿಗೆ ಅಪ್ಪ ಕೂಗಿ, "ಇನ್ನೊಂದ್ಸಲ ಬಿಸಿ ಮಾಡಿ ಕೊಡಮ್ಮ, ಆರ್ಹೋಯ್ತು," ಎಂದರು. ಪಾಪ, ಇವತ್ತು ನೋವು ಜಾಸ್ತಿ ಎಂದುಕೊಂಡು ಅವಳು ಕುದಿಯುವ ನೀರನ್ನೇ ತುಂಬಿ ಕೊಟ್ಟಳು. ಮತ್ತೆ ಕೂಗಿದರು, ಮತ್ತೆ ಕೊಟ್ಟಳು.

ಅಕ್ಕ ಬಂದಾಗ ನಾನು ಹಲ್ಲುಜ್ಜುತ್ತಿದ್ದೆ. ಅವಳ ಹಿಂದೆಯೇ ನಡುಕೋಣೆಗೆ ಹೋದೆ. ಅಪ್ಪ ಬರೀ ಅಂಗಿಯಲ್ಲಿ ಗಡಗಡ ನಡುಗುತ್ತಾ ಕೂತಿದ್ದರು. ಅವರ ಉಣ್ಣೆಯ ಕಂಬಳಿ ಪೆಟ್ಟಿಗೆಯ ಮೇಲಿತ್ತು, ನಾಲ್ಕೂ ಕಡೆ ಒಳಕ್ಕೆ ಸಿಕ್ಕಿಸಿ ಭದ್ರ ಮಾಡಿದ್ದರು.

"ಕರೆಂಟ್ ಹೋದ್ರೇನಂತೆ, ಒಂಚೂರೂ ತಣ್ಣಗಾಗೋಕೆ ಬಿಟ್ಟಿಲ್ಲ ನೋಡು," ಎಂದರು. ಹಲ್ಲು ಕಟಕಟ ಎನ್ನುತ್ತಿದ್ದರೂ ಮುಖ ಅರಳಿತ್ತು.

ಅಕ್ಕ ಕಂಬಳಿ ಎತ್ತಿದಳು. ಜಾಡಿಗೆ ಒತ್ತಿಕೊಂಡು ಬಿಸಿನೀರಿನ ಚೀಲ ಕೂತಿತ್ತು. ಥರ್ಮಾಮೀಟರಿನ ಪಾದರಸ ಮೇಲಿನ ಗೆರೆಯನ್ನು ದಾಟಿ ಎಲ್ಲಿಗೋ ಹೋಗಿತ್ತು. ಜಾಡಿಯ ತುಂಬ ಚೊಕ್ಕ ಹಸಿರು ನೀರು. ಅದರ ನಡುವೆ ಕೂದಲೊಂದೇ ನೇತಾಡುತ್ತಿತ್ತು.

ಅಪ್ಪ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು, ಮತ್ತೆ ನೋಡಿದರು. "ಎಲ್ಲಿ ಹೋಯ್ತು?" ಎಂದರು.

"ಕರಗ್ತು," ಎಂದಳು ಅಕ್ಕ.

"ತಣ್ಣಗಾದ್ರೆ ಹಾಳಾಗುತ್ತೆ ಅಂದಿದ್ದೆ ನೀನು."

"ಬಿಸಿಯಾದ್ರೂ ಹಾಳಾಗುತ್ತೆ. ಅದಕ್ಕೇ ಅಲ್ವಾ ಮೇಲಿನ ಗೆರೆಗೆ ಬಂದ್ರೆ ಆರಿಸಿ ಅಂದಿದ್ದು?"

"ಅದು..." ಅಪ್ಪ ಥರ್ಮಾಮೀಟರಿನ ಕಡೆ ನೋಡಿದರು. "ಅದು ಕರೆಂಟ್ ಬಿಲ್ ಜಾಸ್ತಿ ಬರುತ್ತೆ ಅಂತ ಹೇಳಿದ್ದೀಯ ಅಂದ್ಕೊಂಡಿದ್ದೆ."

ಬೇರೆ ದಿನವಾಗಿದ್ದರೆ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆವು. ಆವತ್ತು ಅಕ್ಕ ಗೋಡೆಗೆ ಒರಗಿ ನೆಲದ ಮೇಲೆ ಕುಸಿದು ಕೂತಳು. ಅಪ್ಪನ ಮುಖ ನೋಡಬೇಕಿತ್ತು ನೀವು. ಅಷ್ಟು ದೊಡ್ಡ ದನಿಯ ಮನುಷ್ಯ, ಡಿಪೋದಲ್ಲಿ ಡ್ರೈವರುಗಳ ಬೆವರಿಳಿಸಿದವರು, ಬಾಯಿ ತೆಗೆದು ಮುಚ್ಚಿ ತೆಗೆದು ಮುಚ್ಚಿ ಮಾಡಿದರು. ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು ಮಲಗಿಬಿಟ್ಟರು.

ಅಕ್ಕ ಆ ದಿನ ಶಾಲೆಗೆ ಹೋಗಲಿಲ್ಲ. ಬಹಳ ಹೊತ್ತಿನ ಮೇಲೆ ಎದ್ದು, ಕಂಬಳಿಯನ್ನು ಅಪ್ಪನಿಗೆ ಹೊದಿಸಿ, ಮಂಚದ ಅಂಚಿನಲ್ಲಿ ಕೂತಳು. "ಅಪ್ಪ, ಈ ಕಡೆ ತಿರುಗಿ," ಎಂದಳು. ಅವರು ತಿರುಗಲಿಲ್ಲ. "ಹರಳು ಎಲ್ಲೂ ಹೋಗಿಲ್ಲ. ಪೂರ್ತಿ ಆ ನೀರಲ್ಲೇ ಇದೆ. ಹೋಗಿರೋದು ದಿನಗಳು ಮಾತ್ರ."

ಅಪ್ಪ ನಿಧಾನವಾಗಿ ತಿರುಗಿದರು.

ಆವತ್ತು ಅಕ್ಕ ಪಾಠ ಮಾಡಿದಳು. ಒಂದು ಲೋಟ ನೀರು, ಒಂದು ಡಬ್ಬಿ ಸಕ್ಕರೆ ತರಿಸಿ, ತಣ್ಣನೆಯ ನೀರು ಎಷ್ಟು ಸಕ್ಕರೆ ಹಿಡಿಯುತ್ತದೆ, ಬಿಸಿ ಮಾಡಿದರೆ ಎಷ್ಟು ಹಿಡಿಯುತ್ತದೆ, ತುಂಬಿದ ಮೇಲೆ ಮತ್ತೆ ಆರಿದರೆ ಅದು ಯಾಕೆ ಹೊರಗೆ ಬರುತ್ತದೆ ಎಂದು ತೋರಿಸಿದಳು. ಏಳು ನೀರಿನದು ಎಲ್ಲಿ ಹುಟ್ಟುತ್ತದೆ, ಆರರದು ಎಲ್ಲಿ, ಎರಡು ಗೆರೆಗಳ ನಡುವಿನ ಜಾಗ ಯಾಕೆ ಅಷ್ಟು ಕಿರಿದು ಎಂದು ಹೇಳಿದಳು. ನಾನು ಬಾಗಿಲಿಗೆ ಒರಗಿ ನಿಂತು ಕೇಳಿದೆ, ನನಗೂ ಅವತ್ತೇ ಅರ್ಥವಾಗಿದ್ದು. ಅಪ್ಪ ನಡುನಡುವೆ ಪ್ರಶ್ನೆ ಕೇಳಿದರು. ಒಳ್ಳೆಯ ಪ್ರಶ್ನೆಗಳನ್ನೇ ಕೇಳಿದರು. ಮುಗಿದಾಗ, "ನಾನು ಕಾಲೇಜು ಬಿಡಿಸಿದಾಗ ಇದನ್ನೇ ಓದ್ತಿದ್ಯಾ?" ಎಂದರು.

"ಇದರ ಹಿಂದಿನ ಪಾಠ," ಎಂದಳು ಅಕ್ಕ.

ಎರಡನೇ ಹರಳು ಅವತ್ತು ಸಂಜೆಯೇ ಜಾಡಿಗೆ ಇಳಿಯಿತು.

ಆಮೇಲೆ ಅಪ್ಪ ಬೇರೆಯೇ ಆದರು. ಮೊದಲು ಅವರು ಗೆರೆ ನೋಡುತ್ತಿದ್ದರು, ಈಗ ಜಾಡಿಯನ್ನು ನೋಡುತ್ತಿದ್ದರು. ಕರೆಂಟ್ ಮತ್ತೊಮ್ಮೆ ಹೋದಾಗ ನನ್ನ ಹೆಂಡತಿ ಬಿಸಿನೀರಿನ ಚೀಲ ಹಿಡಿದು ಓಡಿದಳು. "ಅಷ್ಟು ಬಿಸಿ ಬೇಡಮ್ಮ, ಕೈ ಇಟ್ರೆ ಹಿತ ಅನ್ನಿಸ್ಬೇಕು, ಅಷ್ಟೇ. ಮುಟ್ಟಿಸಬೇಡ, ದೂರ ಇಡು," ಎಂದು ಅವಳಿಗೇ ಪಾಠ ಹೇಳಿದರು. ಭಾವ ಬಾಗಿಲು ತೆರೆದಿಟ್ಟು ನಿಂತರೆ, "ಅಳಿಯಂದಿರೇ, ಒಳಗೆ ಬರೋದಾದ್ರೆ ಬನ್ನಿ, ಹೋಗೋದಾದ್ರೆ ಹೋಗಿ," ಎನ್ನುತ್ತಿದ್ದರು. ಊಟದ ತಟ್ಟೆಯನ್ನೂ ಜಾಡಿ ಕಾಣುವಂತೆ ತಿರುಗಿಸಿಕೊಂಡು ಉಣ್ಣುತ್ತಿದ್ದರು. ಆದರೆ ನಗು ಮಾಯವಾಗಿತ್ತು. ದಿನಗಳು ಉರುಳುತ್ತಿದ್ದವು, ಹರಳು ತನ್ನ ಪಾಡಿಗೆ ತಾನು ನಿಧಾನವಾಗಿ ಬೆಳೆಯುತ್ತಿತ್ತು. ಯಾವ ಬಸ್ಸನ್ನಾದರೂ ಗದರಿಸಿ ಹೊರಡಿಸಬಹುದು, ಹರಳಿಗೆ ಗದರಿದರೆ ಕೇಳುತ್ತದೆಯೇ?

ಮೇಷ್ಟ್ರು ಊರು ಬಿಡುವ ವಾರ ಬಂತು. ಮನೆಯಲ್ಲಿ ಮಾಡಿದ ಕೆಲಸವನ್ನು ಅವರು ಬಂದು ಕಣ್ಣಾರೆ ನೋಡಬೇಕಿತ್ತು. ಬಂದರು. ಬಾಗಿಲಿಗೆ ತಲೆ ತಾಗದಂತೆ ಬಗ್ಗಿ ಒಳಗೆ ಬಂದು, ಪೆಟ್ಟಿಗೆಯನ್ನು ಸುತ್ತಿ ನೋಡಿ, ತಗಡಿನ ಟೋಪಿಯನ್ನು ಬೆರಳಿನಿಂದ ತಟ್ಟಿ, "ಹೂಂ," ಎಂದರು. ಜಾಡಿಯ ಹತ್ತಿರ ಮುಖ ತಂದು ಇನ್ನೊಮ್ಮೆ "ಹೂಂ," ಎಂದರು. ಆ ಎರಡು ಹೂಂಗಳ ನಡುವೆ ನನ್ನ ಜೀವ ಬಾಯಿಗೆ ಬಂದಿತ್ತು. ಹರಳು ಮೊದಲಿನದರಷ್ಟು ಇರಲಿಲ್ಲ, ಹೆಬ್ಬೆರಳಿನ ಉಗುರಿಗೆ ಇನ್ನೂ ಸ್ವಲ್ಪ ಕಡಿಮೆಯೇ ಇತ್ತು.

"ತೆಗೀರಮ್ಮ, ನೋಡೋಣ," ಎಂದರು ಮೇಷ್ಟ್ರು.

ಅಕ್ಕ ಗಾಜಿನ ಬಾಗಿಲು ತೆರೆದಳು. ಕೂದಲು ಕಟ್ಟಿದ್ದ ಕಡ್ಡಿಯನ್ನು ಅಪ್ಪನ ಕಡೆ ತಿರುಗಿಸಿ, "ಅಪ್ಪ, ನೀವೇ ಎತ್ತಿ," ಎಂದಳು.

ಅಪ್ಪ ಕೈ ಹಿಂದಕ್ಕೆಳೆದುಕೊಂಡರು. "ಬೇಡಮ್ಮ. ನಿಂದು ಅಂತ ಇರೋದಕ್ಕೆ ನಾನು ಕೈ ಹಾಕಿದ್ರೆ ಕರಗಿಹೋಗುತ್ತೆ."

ಅವರು ಯಾವ ಹರಳಿನ ಮಾತು ಆಡುತ್ತಿದ್ದಾರೆಂದು ಅಕ್ಕನಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು. ಮೇಷ್ಟ್ರು ಮಾತ್ರ ತಿಳಿಯದೆ ನಮ್ಮ ಮುಖ ನೋಡಿದರು. ಅಕ್ಕ ಅಪ್ಪನ ಬಲಗೈಯನ್ನು ತನ್ನ ಕೈಯಲ್ಲಿ ಹಿಡಿದು, ಎರಡು ಬೆರಳುಗಳ ನಡುವೆ ಕಡ್ಡಿ ಇಟ್ಟಳು. "ಹಗಲೂ ರಾತ್ರಿ ಕಾದಿದ್ದು ಯಾರು ಮತ್ತೆ? ಎತ್ತಿ," ಎಂದಳು.

ಅಪ್ಪ ಎತ್ತಿದರು. ಹರಳು ಜಾಡಿಯ ಅಂಚಿಗೆ ತಾಗುವುದರಲ್ಲಿತ್ತು, ತಾಗಲಿಲ್ಲ. ಅಕ್ಕ ಸೋಸುಕಾಗದದಲ್ಲಿ ಅದನ್ನು ಒರೆಸಿ ಚಿಮಟಿಗೆಯಲ್ಲಿ ಮೇಷ್ಟ್ರಿಗೆ ಕೊಟ್ಟಳು. ಅವರು ಬೆಳಕಿಗೆ ಹಿಡಿದು, ಈ ಕಡೆ ತಿರುಗಿಸಿ, ಆ ಕಡೆ ತಿರುಗಿಸಿ, ಬಹಳ ಹೊತ್ತು ನೋಡಿದರು.

"ಚಿಕ್ಕದು. ಆದ್ರೆ ಒಳಗೆ ಒಂದು ಗೀರೂ ಇಲ್ಲ," ಎಂದರು. "ಆರರದ್ದೇ ಆದ್ರೆ ಸಾಕು. ನಾಳೆ ಲ್ಯಾಬಿಗೆ ತನ್ನಿ, ಒಂದು ಚೂರು ಕೊಯ್ದು ನೋಡೋಣ."

"ಕೊಯ್ತೀರಾ?" ಎಂದು ಅಪ್ಪ ಗಾಬರಿಯಾದರು.

"ಕೊಯ್ದು ಕಾಯಿಸದೆ ಒಳಗೆ ಎಷ್ಟು ನೀರಿದೆ ಅಂತ ಹೇಗೆ ಗೊತ್ತಾಗುತ್ತೆ?"

ಅಪ್ಪ ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. ಮಾರನೇ ದಿನ ಬೆಳಿಗ್ಗೆಯಿಂದ ಗಡಿಯಾರದ ಮೇಲೇ ಕಣ್ಣು. ಪೆಟ್ಟಿಗೆಯ ಬಲ್ಬು ಆರಿಸಿದ್ದೆವು, ಕೈಗೆ ಕೆಲಸವಿರಲಿಲ್ಲ. "ಈಗ ಮೂಸೆಯಲ್ಲಿಟ್ಟು ಕಾಯಿಸ್ತಿರ್ತಾರೆ," ಎನ್ನುವರು. ಸ್ವಲ್ಪ ಹೊತ್ತಿಗೆ, "ಈಗ ಹಸಿರು ಹೋಗಿ ಹಳದಿಯಾಗಿರುತ್ತೆ. ಆರಿಸಿ ತೂಗ್ತಾರೆ. ಮತ್ತೆ ಕಾಯಿಸ್ತಾರೆ, ತೂಕ ಇಳಿಯೋದು ನಿಲ್ಲೋವರೆಗೂ ಬಿಡಲ್ಲ," ಎನ್ನುವರು. ಅಕ್ಕ ಅದನ್ನೆಲ್ಲ ಅವರಿಗೆ ಯಾವಾಗ ಹೇಳಿಕೊಟ್ಟಿದ್ದಳೋ ನನಗೆ ಗೊತ್ತಿಲ್ಲ. ನಾನು ಅಂಗಡಿಗೆ ಹೋಗದೆ ಅವರ ಪಕ್ಕದಲ್ಲೇ ಕೂತೆ. ನನಗೂ ಯಾವ ಕೆಲಸದ ಮೇಲೂ ಮನಸ್ಸಿರಲಿಲ್ಲ.

ಸಂಜೆ ಗೇಟಿನ ಸದ್ದಾಯಿತು. ಅಕ್ಕ ಓಡಿಕೊಂಡು ಬಂದಿದ್ದಳು. ಬಿಳಿ ಕೋಟು ಬಿಚ್ಚಲೂ ಮರೆತು ಹಾಗೆಯೇ ಬಸ್ಸು ಹತ್ತಿ ಬಂದಿದ್ದಳು. ತನ್ನ ಮನೆಗೆ ಹೋಗಿರಲಿಲ್ಲ, ಭಾವನಿಗೂ ಹೇಳಿರಲಿಲ್ಲ. ನನ್ನನ್ನು ದಾಟಿಕೊಂಡು ನೇರ ಮಂಚದ ಹತ್ತಿರ ಹೋಗಿ ನಿಂತಳು.

"ಆರು, ಅಪ್ಪ."

"ಏಳಲ್ಲ ತಾನೇ?"

"ಅಲ್ಲ. ಆರೇ."

"ಹಾಗಾದ್ರೆ ಪಾಸಾ?"

"ಮೇಷ್ಟ್ರು ಸಹಿ ಹಾಕಿದ್ರು. ಪಾಸು."

ಅಪ್ಪ ತಲೆಯಾಡಿಸಿದರು. ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ನಮ್ಮಮ್ಮ ತೀರಿಕೊಂಡಾಗಲೂ ಒದ್ದೆಯಾಗದ ಕಣ್ಣು ತುಂಬಿ ಹರಿಯಿತು, ಅದನ್ನು ಒರೆಸಿಕೊಳ್ಳಲೂ ಇಲ್ಲ.

"ಅವತ್ತೂ ಪಾಸಾಗ್ತಿದ್ದೆ ನೀನು," ಎಂದರು. "ನಾನು ಬಂದು ಕರೀದೇ ಇದ್ದಿದ್ರೆ."

ಇರಲಿ ಬಿಡಿ ಅಪ್ಪ, ಎಲ್ಲ ಮುಗಿದುಹೋಯಿತಲ್ಲ, ಎನ್ನುತ್ತಾಳೆ ಎಂದುಕೊಂಡೆ. ಅಂಥ ಸಂದರ್ಭದಲ್ಲಿ ಯಾರಾದರೂ ಹಾಗೇ ಅನ್ನುವುದು. ಅವಳು ಅನ್ನಲಿಲ್ಲ. ಅವರ ಪಕ್ಕದಲ್ಲಿ ಕೂತು, ಅವರ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

"ಹೂಂ ಅಪ್ಪ," ಎಂದಳು. "ಪಾಸಾಗ್ತಿದ್ದೆ."

ಅಪ್ಪ ಅವಳ ಕೈ ಬಿಡಲಿಲ್ಲ. ನಾನು ಅವರಿಬ್ಬರನ್ನೂ ಅಲ್ಲೇ ಬಿಟ್ಟು ಅಡುಗೆಮನೆಗೆ ಹೋದೆ.